ಮಗುವಿನ ಹೃದಯ ಶಸ್ತ್ರಚಿಕಿತ್ಸೆ ಮತ್ತು ರಕ್ತದ ಹೆಪ್ಪು

ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಹೊರತಂದ ಮಗುವಿನ ಮಂಚದ ಕೆಳಬದಿಯಲ್ಲಿ ಅಳತೆಯ ಗೆರೆಗಳುಳ್ಳ ಒಂದು ಪಾತ್ರೆಯನ್ನು ಇರಿಸಿರುತ್ತಾರೆ. ಎದೆಯೊಳಗಿಂದ ಬರುವ ನಳಿಕೆಯು ಅದಕ್ಕೆ ಸೇರಿರುತ್ತದೆ. ಹೆತ್ತವರ ಕಣ್ಣು ಮಗುವಿನ ಮುಖದ ಮೇಲಿದ್ದರೆ, ದಾದಿಯ ಕಣ್ಣು ಮೊದಲ ಕೆಲವು ಗಂಟೆಗಳ ಕಾಲ ಮತ್ತೆ ಮತ್ತೆ ಈ ಪಾತ್ರೆಯತ್ತ ಹೊರಳುತ್ತದೆ. ಊರಿನಿಂದ ಚಿಕಿತ್ಸೆಗೆಂದು ಮಗುವನ್ನು ಕರೆತಂದು ಮಹಾನಗರದ ನಮ್ಮ ಮನೆಗಳಲ್ಲಿ ಇಳಿದುಕೊಳ್ಳುವ ಬಂಧುಗಳುಂಟು. ವೈದ್ಯರ ಮಾತನ್ನು ಅವರಿಗೆ ಬಿಡಿಸಿ ಹೇಳುವ ಹೊಣೆ ನಮ್ಮ ಪಾಲಿಗೆ ಬರುವುದರಿಂದ, ಆ ಪಾತ್ರೆಯ ವಿಚಾರವನ್ನು ಅರಿತಿರುವುದು ಒಳ್ಳೆಯದು.

ಗಾಯದ ರಕ್ತ ತಾನಾಗಿ ನಿಲ್ಲುವುದು ಹೇಗೆ? ಮೊದಲು ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ರಕ್ತನಾಳದ ಬಿರುಕಿಗೆ ಅಂಟಿಕೊಂಡು ಬೆಣೆಯಂತೆ ಕೂಡುತ್ತವೆ. ಬಳಿಕ ರಕ್ತದಲ್ಲಿ ಕರಗಿರುವ ಹಲವು ಪ್ರೋಟೀನುಗಳು ಒಂದರಿಂದೊಂದು ಪ್ರಚೋದನೆ ಪಡೆಯುತ್ತ ಹೋಗಿ, ಕೊನೆಗೆ ಫೈಬ್ರಿನೋಜನ್ ಎಂಬುದು ಫೈಬ್ರಿನ್ ಎಳೆಗಳಾಗಿ ಬಲೆ ಹೆಣೆಯುತ್ತದೆ. ಇವುಗಳಲ್ಲಿ ಹೆಚ್ಚಿನವು ತಯಾರಾಗುವುದು ಯಕೃತ್ತಿನಲ್ಲಿ. ನವಜಾತ ಶಿಶುವಿನ ಯಕೃತ್ತು ಇನ್ನೂ ಪಕ್ವವಾಗಿರುವುದಿಲ್ಲ. ಕೆ ಜೀವಸತ್ವವೂ ಕಡಿಮೆ. ಆದರೆ ಹೆಪ್ಪುಗಟ್ಟಿಸುವ ಅಂಶಗಳಂತೆಯೇ ಹೆಪ್ಪನ್ನು ತಡೆಯುವ ಅಂಶಗಳೂ ಅದರಲ್ಲಿ ಕಡಿಮೆಯಿರುವುದರಿಂದ, ತಕ್ಕಡಿ ಹಗುರವಾಗಿದ್ದರೂ ಸಮವಾಗಿರುತ್ತದೆ. ಶಸ್ತ್ರಚಿಕಿತ್ಸೆಯು ಈ ತಕ್ಕಡಿಯನ್ನು ಅಲುಗಿಸುತ್ತದೆ.

ತೆರೆದ ಹೃದಯದ ಚಿಕಿತ್ಸೆಯಲ್ಲಿ, ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಒಂದು ಯಂತ್ರವು ಮಾಡುತ್ತದೆ. ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯರು ಇದನ್ನು 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲಬಾರಿಗೆ ಸಫಲವಾಗಿ ಬಳಸಿದರು. ಯಂತ್ರದ ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಡಬೇಕು. ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ 1916ರಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕಹೊರಟು, ಅದಕ್ಕೆ ತದ್ವಿರುದ್ಧವಾದ ಈ ಮದ್ದಿನ ಸುಳಿವನ್ನು ಕಂಡದ್ದು ವಿನೋದದ ಸಂಗತಿ. ಕೆಲಸ ಮುಗಿದ ಮೇಲೆ ಹೆಪಾರಿನ್ನಿನ ಪ್ರಭಾವವನ್ನು ಪ್ರೋಟಮೀನ್ ಎಂಬ ಇನ್ನೊಂದು ಔಷಧಿಯಿಂದ ಅಳಿಸುತ್ತಾರೆ.

ಆದರೂ ರಕ್ತ ಏಕೆ ಜಿನುಗುತ್ತದೆ? ಮೂರು ಕಿಲೋ ತೂಕದ ಶಿಶುವಿನಲ್ಲಿರುವ ರಕ್ತವೆಲ್ಲ ಸೇರಿ ಸುಮಾರು 250 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟದಷ್ಟು. ಯಂತ್ರದ ಕೊಳವೆಗಳನ್ನು ತುಂಬುವ ದ್ರವವೇ ಅದಕ್ಕೆ ಸಮನಾಗಬಹುದು. ಹೀಗೆ ಪ್ಲೇಟ್‌ಲೆಟ್ಟುಗಳೂ ಫೈಬ್ರಿನೋಜನ್ನೂ ನೀರಾದ ಸಾರಿನಂತೆ ತೆಳುವಾಗುತ್ತವೆ. ಉಳಿದ ಪ್ಲೇಟ್‌ಲೆಟ್ಟುಗಳು ಕೊಳವೆಯ ಸ್ಪರ್ಶದಿಂದಲೂ ದೇಹವನ್ನು ತಂಪಾಗಿಸುವುದರಿಂದಲೂ ಬಳಲುತ್ತವೆ. ಹುಟ್ಟಿನಿಂದ ಮೈ ನೀಲಿಗಟ್ಟಿದ ಮಕ್ಕಳಲ್ಲಿ ಹೆಪ್ಪುಗಟ್ಟುವ ಶಕ್ತಿ ಮೊದಲೇ ಕುಂದಿರುವುದುಂಟು.

ಆ ಶಿಶುವಿನ ಪಾತ್ರೆಗೆ 30 ಮಿಲಿಲೀಟರ್ ರಕ್ತ ಬಿದ್ದರೆ, ಅದು ವಯಸ್ಕನೊಬ್ಬನು ಅರ್ಧ ಲೀಟರಿಗಿಂತ ಹೆಚ್ಚು ಕಳೆದುಕೊಂಡುದಕ್ಕೆ ಸಮ. ಆಗ ಮೈಯನ್ನು ಬೆಚ್ಚಗಿಟ್ಟು, ಪ್ಲೇಟ್‌ಲೆಟ್, ಪ್ಲಾಸ್ಮಾಗಳನ್ನು ಅಗತ್ಯಕ್ಕೆ ತಕ್ಕಂತೆ ಕೊಡುತ್ತಾರೆ. ಪ್ಲೇಟ್‌ಲೆಟ್ಟುಗಳು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಕಾಲ ಉಳಿಯವು. ದಾನಿಗಳಿಗಾಗಿ ಅವಸರದ ಕರೆ ಬರುವುದು ಅದಕ್ಕೇ. ಹರಿಯುತ್ತಿದ್ದ ರಕ್ತ ಥಟ್ಟನೆ ನಿಂತರೆ ಬಂಧುಗಳು ಹಿಗ್ಗುತ್ತಾರೆ, ವೈದ್ಯರು ಅನುಮಾನಪಡುತ್ತಾರೆ. ನಳಿಕೆ ಕಟ್ಟಿಕೊಂಡು, ಹೃದಯದ ಸುತ್ತ ರಕ್ತ ತುಂಬಿ ಅದನ್ನು ಅದುಮುತ್ತಿರಬಹುದು. ಆಗ ಎದೆಯನ್ನು ಮತ್ತೆ ತೆರೆಯಲೇಬೇಕು. ಮೊದಲ ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ಇದರ ಅರ್ಥವಲ್ಲ. ಬಾಗಿಲ ಬಳಿ ನಿಂತು ಒಂದೇ ವಾಕ್ಯದಲ್ಲಿ ಈ ಸುದ್ದಿ ಹೇಳಿ ಹೋಗುವುದು ಮಾತ್ರ ಸರಿಯಲ್ಲವೆಂದು ನನ್ನ ಎಣಿಕೆ.

ಮನೆಗೆ ಬಂದ ಮೇಲಿನ ಭಯ ಇದಕ್ಕೆ ವಿರುದ್ಧವಾದುದು. ಶ್ವಾಸಕೋಶಕ್ಕೆ ರಕ್ತ ಒಯ್ಯಲು ಕೆಲವೇ ಮಿಲಿಮೀಟರ್ ಅಗಲದ ಕೃತಕ ನಾಳವನ್ನು ಜೋಡಿಸಿದ್ದರೆ, ಅದರಲ್ಲಿ ಹೆಪ್ಪು ಸಿಕ್ಕಿಕೊಳ್ಳಬಹುದು. ಆಸ್ಪಿರಿನ್ ಕೊಡುವುದು ಇದನ್ನು ತಡೆಯಲಿಕ್ಕೆ. ಇಂಥ ಮಗುವಿಗೆ ವಾಂತಿಭೇದಿಯಾಗಿ ದೇಹ ಒಣಗಿದರೆ ಅಪಾಯ. ತುಟಿ ನೀಲಿಯಾದರೆ ಒಂದು ಗಳಿಗೆಯೂ ಕಾಯಬಾರದು. ಲೋಹದ ಕವಾಟವಿದ್ದರೆ ವಾರ್ಫರಿನ್ ಜೀವನಪರ್ಯಂತ ಬೇಕಾಗುತ್ತದೆ. ಇದರ ಪ್ರಮಾಣವನ್ನು ಐಎನ್‌ಆರ್ ಎಂಬ ರಕ್ತಪರೀಕ್ಷೆಯಿಂದ ನಿರ್ಧರಿಸುತ್ತಾರೆ. ಸೊಪ್ಪಿನಲ್ಲಿರುವ ಕೆ ಜೀವಸತ್ವವು ಈ ಔಷಧಿಗೆ ಎದುರಾಳಿ. ಹಾಗೆಂದು ಸೊಪ್ಪಿನ ಹುಳಿ ಬಿಡಬೇಕಾಗಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರಾಯಿತು. ನೋವಿನ ಮಾತ್ರೆಯನ್ನಾಗಲಿ ನಾಟಿ ಔಷಧಿಯನ್ನಾಗಲಿ ಕೇಳದೆ ಕೊಡಬಾರದು. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ತಿಳಿಸಬೇಕು. ತಲೆಗೆ ಪೆಟ್ಟಾದರೆ ರಕ್ತ ಕಾಣದಿದ್ದರೂ ಆಸ್ಪತ್ರೆಗೆ ಒಯ್ಯಬೇಕು. ಐಎನ್‌ಆರ್ ಪರೀಕ್ಷೆಯನ್ನು ತಮ್ಮ ಊರಿಗೆ ಸಮೀಪದಲ್ಲಿ ಎಲ್ಲಿ ಮಾಡುವರೆಂದು ವಿಚಾರಿಸಿಕೊಂಡೇ ಬಂಧುಗಳು ಮರಳುವ ರೈಲು ಹತ್ತಬೇಕು.