ಆಟವೇ ನಿಂತಾಗ ಆಟಗಾರರ ಆಯ್ಕೆ

2020ರ ಜೂನ್ 10ರ ಸಂಜೆ ಡೆಟ್ರಾಯಿಟ್ ಟೈಗರ್ಸ್ ಬೇಸ್‌ಬಾಲ್ ತಂಡ ಸ್ಪೆನ್ಸರ್ ಟಾರ್ಕೆಲ್ಸನ್ ಎಂಬ ಇಪ್ಪತ್ತು ವರ್ಷದ ಕಾಲೇಜು ಹುಡುಗನನ್ನು ಆರಿಸಿಕೊಂಡಿತು. ಅವನೊಂದಿಗೆ ಆದ ಕರಾರು 84,16,300 ಡಾಲರಿನದು. ಕೋವಿಡ್‌ನಿಂದ ಆಟ ನಿಂತು, ಆ ಹೊತ್ತಿಗೆ ಅವನು ಪಂದ್ಯ ಆಡಿ ಮೂರು ತಿಂಗಳಾಗಿತ್ತು. ಅವನೊಬ್ಬನೇ ಅಲ್ಲ, ಆ ರಾತ್ರಿ ಮತ್ತು ಮರುದಿನ ಹೆಸರು ಬಂದ ಉಳಿದ 159 ಹುಡುಗರದ್ದೂ ಅದೇ ಕಥೆ. ನೆಬ್ರಾಸ್ಕಾದ ಒಮಾಹಾದಲ್ಲಿ ಜನಜಂಗುಳಿಯ ನಡುವೆ ಆಗಬೇಕಿದ್ದ ಈ ಆಯ್ಕೆ ನ್ಯೂಜೆರ್ಸಿಯ ಒಂದು ಟಿವಿ ಸ್ಟುಡಿಯೋಗೆ ಬಂದು ಕುಳಿತಿತ್ತು. ತಂಡದವರು ತಂತಮ್ಮ ಮನೆಗಳಲ್ಲಿ, ಹುಡುಗರು ತಂತಮ್ಮ ಸೋಫಾಗಳ ಮೇಲೆ.

ಐಪಿಎಲ್ ಹರಾಜು ನೋಡಿ ರೂಢಿಯಾದವರಿಗೆ ಅಮೆರಿಕದ ಡ್ರಾಫ್ಟ್ ಪದ್ಧತಿ ವಿಚಿತ್ರವೆನಿಸಬಹುದು. ಇಲ್ಲಿ ಸುತ್ತಿಗೆ ಬಡಿಯುವವರಿಲ್ಲ, ಪೈಪೋಟಿಯ ಕೂಗೂ ಇಲ್ಲ. 2022ರವರೆಗೆ ಹಿಂದಿನ ವರ್ಷ ಅತಿ ಕೆಟ್ಟದಾಗಿ ಸೋತ ತಂಡಕ್ಕೆ ಮೊದಲ ಸರದಿ ಸಿಗುತ್ತಿತ್ತು. 2019ರಲ್ಲಿ ಡೆಟ್ರಾಯಿಟ್ 114 ಪಂದ್ಯ ಸೋತಿತ್ತು. ಆರಿಸಿಕೊಂಡ ಹುಡುಗನೊಂದಿಗೆ ಮಾತನಾಡುವ ಹಕ್ಕು ಆ ತಂಡಕ್ಕೆ ಮಾತ್ರ. ಎಷ್ಟನೇ ಸರದಿಗೆ ಎಷ್ಟು ಹಣ ಎಂಬ ಅಂದಾಜು ಬೆಲೆಯೂ ಮೊದಲೇ ನಿಗದಿ. ಮೊದಲ ಸರದಿಯ ಬೆಲೆ 84,15,300 ಡಾಲರ್, ಟಾರ್ಕೆಲ್ಸನ್‌ಗೆ ಒಂದು ಸಾವಿರ ಹೆಚ್ಚು ಕೊಟ್ಟರು. ಆ ಸಾವಿರ ಡಾಲರಿನಲ್ಲಿ ಯಾರ ಯಾವ ಹಟ ಗೆದ್ದಿತೋ! 1965ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೊತ್ತಮೊದಲು ಆಯ್ಕೆಯಾದ ರಿಕ್ ಮಂಡೇ ಕೂಡ ಟಾರ್ಕೆಲ್ಸನ್‌ನಂತೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗ.

ಈ ಎಲ್ಲದರ ಹಿಂದೆ ದುಡಿಯುವವರು ಆಟಗಾರರನ್ನು ಹುಡುಕಿ ಅಳೆಯುವ ಸ್ಕೌಟ್‌ಗಳು. ಪ್ರೇಕ್ಷಕರಿಗೆ ಅವರ ಹೆಸರು ಗೊತ್ತಿರುವುದಿಲ್ಲ. ತಂಡದ ಸ್ಕೌಟಿಂಗ್ ನಿರ್ದೇಶಕನ ಕೆಳಗೆ ಕ್ರಾಸ್‌ಚೆಕರ್‌ಗಳು, ಅಂದರೆ ಒಬ್ಬ ಮೆಚ್ಚಿದ ಹುಡುಗನನ್ನು ಮತ್ತೊಮ್ಮೆ ನೋಡಿ ತಾಳೆ ಹಾಕುವವರು. ಅವರ ಕೆಳಗೆ ಏರಿಯಾ ಸ್ಕೌಟ್. ಕಸುಬಿನ ಬೇರು ಇರುವುದು ಈ ಏರಿಯಾ ಸ್ಕೌಟ್‌ನಲ್ಲಿ. ಒಂದೆರಡು ರಾಜ್ಯ, ಕ್ಯಾಲಿಫೋರ್ನಿಯಾದಂಥ ಕಡೆಯಾದರೆ ರಾಜ್ಯದ ಒಂದು ತುಂಡು, ಅವನ ಪಾಲಿಗೆ. ಕಾರು, ಸ್ಟಾಪ್‌ವಾಚ್, ರಾಡಾರ್ ಗನ್, ನೋಟ್‌ಬುಕ್ಕು ಅವನ ಸಾಮಾನು.

ಪಂದ್ಯ ಶುರುವಾಗುವ ಮೊದಲೇ ಅವನು ಬಂದಿರುತ್ತಾನೆ, ಬ್ಯಾಟಿಂಗ್ ಅಭ್ಯಾಸ ತಪ್ಪಿಸಿಕೊಳ್ಳಬಾರದು. ಚೆಂಡೆಸೆಯುವ ಪಿಚರ್‌ನನ್ನು ನೋಡಬೇಕಾದರೆ ಕ್ಯಾಚರ್‌ನ ಬೆನ್ನ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಅಲ್ಲಿ ಬೇರೆ ತಂಡದ ಸ್ಕೌಟ್‌ಗಳೂ ಇರುತ್ತಾರೆ, ಪಿಚರ್ ತೋಳೆತ್ತುವಾಗ ಅಷ್ಟೂ ರಾಡಾರ್ ಗನ್‌ಗಳು ಒಟ್ಟಿಗೆ ಮೇಲೇಳುತ್ತವೆ. ಬ್ಯಾಟರ್ ಆದರೆ ಮೊದಲ ಬೇಸ್ ಕಡೆಗೋ ಮೂರನೇ ಬೇಸ್ ಕಡೆಗೋ ಎದ್ದು ಹೋಗಿ ಅವನ ಎದೆ ಕಾಣುವ ಮಗ್ಗುಲಲ್ಲಿ ನಿಲ್ಲುತ್ತಾನೆ. ಚೆಂಡಿಗೆ ಬ್ಯಾಟು ತಾಗಿದ ಸದ್ದಿಗೆ ಸ್ಟಾಪ್‌ವಾಚ್ ಒತ್ತಬೇಕು, ಓಡಿದವನ ಕಾಲು ಮೊದಲ ಬೇಸ್ ಮುಟ್ಟಿದಾಗ ಮತ್ತೆ ಒತ್ತಬೇಕು. ದೂರ 90 ಅಡಿ. ಬಲಗೈ ಬ್ಯಾಟರ್ ಅದನ್ನು 4.3 ಸೆಕೆಂಡಿನಲ್ಲಿ ಓಡಿದರೆ ಸರಾಸರಿ ಓಟ. ನಾಲ್ಕು ಸೆಕೆಂಡಿಗೆ ಮುಟ್ಟುವವರು ಅಪರೂಪ. ಎಡಗೈ ಬ್ಯಾಟರ್ ಬೇಸಿಗೆ ಒಂದು ಹೆಜ್ಜೆ ಹತ್ತಿರ ನಿಂತಿರುತ್ತಾನೆ, ಹಾಗಾಗಿ ಅವನ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಪಾಲು ಬಿಗಿ. ಕ್ಯಾಚರ್ ಆದರೆ, ಚೆಂಡು ಅವನ ಕೈಗವಸಿಗೆ ಬಿದ್ದ ಕ್ಷಣದಿಂದ ಎರಡನೇ ಬೇಸಿನಲ್ಲಿ ನಿಂತವನ ಕೈಗವಸಿಗೆ ತಲುಪುವವರೆಗೆ ಎರಡು ಸೆಕೆಂಡು.

ಇಷ್ಟನ್ನೂ 20ರಿಂದ 80ರವರೆಗಿನ ಅಂಕಗಳಿಗೆ ಇಳಿಸುತ್ತಾರೆ. 50 ಎಂದರೆ ಅಮೆರಿಕದ ಅತ್ಯುನ್ನತ ಮಟ್ಟದ ಲೀಗ್ ಆದ ಮೇಜರ್ ಲೀಗ್‌ನ ಸಾಮಾನ್ಯ ಆಟಗಾರನ ಮಟ್ಟ. ಹೊಡೆತ, ಹೊಡೆತದ ಕಸುವು, ಓಟ, ಎಸೆತ, ಫೀಲ್ಡಿಂಗ್ ಒಂದೊಂದಕ್ಕೂ ಬೇರೆ ಅಂಕ. ಪಿಚರ್‌ಗೆ ಫಾಸ್ಟ್‌ಬಾಲ್, ತಿರುವಿನ ಚೆಂಡು, ಚೇಂಜಪ್, ಬೇಕಾದಲ್ಲಿ ಚೆಂಡು ಹಾಕುವ ಹಿಡಿತ. ಪ್ರತಿಯೊಂದಕ್ಕೂ ಎರಡು ಅಂಕಣ: ಇವತ್ತು ಎಷ್ಟು, ಮುಂದೆ ಎಷ್ಟಾದೀತು. ಇವತ್ತಿನದನ್ನು ಯಂತ್ರವೂ ಹೇಳುತ್ತದೆ. ಟ್ರ್ಯಾಕ್‌ಮ್ಯಾನ್ ಎಂಬ ರಾಡಾರ್ ಚೆಂಡಿನ ವೇಗವನ್ನಷ್ಟೇ ಅಲ್ಲ, ಅದು ನಿಮಿಷಕ್ಕೆಷ್ಟು ಸುತ್ತು ತಿರುಗುತ್ತದೆ ಎಂಬುದನ್ನೂ ಅಳೆಯುತ್ತದೆ. ಎರಡನೇ ಅಂಕಣಕ್ಕೇ ಸ್ಕೌಟ್‌ನ ಸಂಬಳ. ಹದಿನೆಂಟರ ಹುಡುಗನ ಹೆಗಲು ಇನ್ನೂ ತುಂಬಿಕೊಳ್ಳುತ್ತದೆಯೇ, ಮೂರು ಸಲ ಔಟಾಗಿ ಬಂದವನು ಹೆಲ್ಮೆಟ್ ಎಸೆಯುತ್ತಾನೋ ಕಟ್ಟೆಯ ಮೇಲೆ ಕೂತು ಎದುರಾಳಿ ಪಿಚರ್‌ನನ್ನೇ ನೋಡುತ್ತಾನೋ, ಅಪ್ಪ ಅಮ್ಮ ಎಷ್ಟು ಹಣಕ್ಕೆ ಕಾಲೇಜು ಬಿಡಿಸಲು ಒಪ್ಪಿಯಾರು, ಎಲ್ಲವೂ ಆ ವರದಿಗೆ ಬರಬೇಕು. ನಮ್ಮ ಜಾನುವಾರು ಜಾತ್ರೆಗಳಲ್ಲಿ ಎತ್ತಿನ ಹಲ್ಲು ಹಿಡಿದು, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ಬೆಲೆ ಕಟ್ಟುವ ರೈತರನ್ನು ಕಂಡವರಿಗೆ ಈ ಕಸುಬು ಪೂರ್ತಿ ಅಪರಿಚಿತವಲ್ಲ. ಹಳೇ ಕಾಲದ ಸ್ಕೌಟ್‌ಗಳು ಮುಖಲಕ್ಷಣಕ್ಕೂ ಮಾರುಹೋಗುತ್ತಿದ್ದರಂತೆ, ಅದೂ ಒಂದು ಬಗೆಯ ಸುಳಿಯೇ. 2003ರಲ್ಲಿ ಬಂದ ಮೈಕೆಲ್ ಲೂಯಿಸ್‌ರ ‘ಮನಿಬಾಲ್’ ಪುಸ್ತಕ ಇಂಥ ನಂಬಿಕೆಗಳನ್ನು ಚೆನ್ನಾಗಿ ಗೇಲಿ ಮಾಡಿತು.

ಹಾಗೆಂದು ಬರಿಯ ಅಂಕಿ ಹಿಡಿದು ಹೊರಟರೂ ದಾರಿ ಸಿಗುವುದಿಲ್ಲ. 2008ರಲ್ಲಿ ಭಾರತದಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಟಿವಿ ಸ್ಪರ್ಧೆ ನಡೆಸಿ, ರಾಡಾರ್ ಗನ್ ಹಿಡಿದು ವೇಗದ ತೋಳುಗಳನ್ನು ಹುಡುಕಿದರು. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಸಿಕ್ಕರು, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರಿಗೂ ಸಹಿ ಹಾಕಿಸಿಕೊಂಡಿತು. ಸಿನಿಮಾ ಕೂಡ ಬಂತು. ಮೇಜರ್ ಲೀಗ್ ಮಾತ್ರ ಇಬ್ಬರಿಗೂ ದಕ್ಕಲಿಲ್ಲ. ರಿಂಕು ಕೆಳಗಿನ ಲೀಗ್‌ಗಳಲ್ಲಿ ಹಲವು ವರ್ಷ ಆಡಿ, ಆಮೇಲೆ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದರು.

ಸ್ಕೌಟ್‌ನ ನಿಜವಾದ ಬಂಡವಾಳ ಮರುನೋಟ. ಫೆಬ್ರುವರಿಯಲ್ಲಿ ನೋಡಿದ ಹುಡುಗನನ್ನು ಏಪ್ರಿಲ್‌ನಲ್ಲಿ, ಮತ್ತೆ ಮೇ ತಿಂಗಳಲ್ಲಿ ನೋಡಬೇಕು. ತೋಳು ದಣಿದಾಗ ವೇಗ ಎಷ್ಟು ಇಳಿಯಿತು, ಒಮ್ಮೆ ಮೋಸಹೋದ ಚೆಂಡಿಗೆ ಎರಡನೇ ಸಲ ಏನು ಮಾಡಿದ ಎಂಬುದು ಹಾಗೆ ನೋಡಿದರಷ್ಟೇ ತಿಳಿಯುವುದು. 2020ರ ಕಾಲೇಜು ಸೀಸನ್ ಫೆಬ್ರುವರಿ 14ರ ಶುಕ್ರವಾರ ಶುರುವಾಯಿತು. ಕಾಲೇಜುಗಳು ತಮ್ಮ ಅತ್ಯುತ್ತಮ ಪಿಚರ್‌ನನ್ನು ಇಳಿಸುವುದು ಶುಕ್ರವಾರವೇ. ಅಂಥ ನಾಲ್ಕು ಶುಕ್ರವಾರಗಳು ಕಳೆದಿದ್ದವು. ಮಾರ್ಚ್ 12ರಂದು ಮೇಜರ್ ಲೀಗ್ ತನ್ನ ವಸಂತ ಶಿಬಿರಗಳನ್ನು ನಿಲ್ಲಿಸಿತು, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಅದೇ ದಿನ ಜೂನ್‌ನ ಕಾಲೇಜ್ ವರ್ಲ್ಡ್ ಸೀರೀಸನ್ನೂ ರದ್ದು ಮಾಡಿತು. ಸ್ಕೌಟ್‌ಗಳು ಕಾರು ತಿರುಗಿಸಿ ಮನೆಗೆ ಹೋದರು. ಮುಂದೆ ಕೆಲವು ತಂಡಗಳು ಅವರನ್ನು ಸಂಬಳವಿಲ್ಲದ ರಜೆಗೂ ಕಳಿಸಿದವು.

ಆಟ ನಿಂತಾಗ ಯಾರು ಎಲ್ಲಿದ್ದರು ಎಂಬುದು ಬರೀ ಅದೃಷ್ಟದ ಮಾತಾಯಿತು. ಫ್ಲಾರಿಡಾ, ಟೆಕ್ಸಸ್, ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಶಾಲಾ ಹುಡುಗರೂ ಕೆಲವು ಪಂದ್ಯ ಆಡಿದ್ದರು. ಉತ್ತರದಲ್ಲಿ ಇನ್ನೂ ಚಳಿ. ಒರೆಗಾನ್‌ನ ಪಿಚರ್ ಮಿಕ್ ಏಬೆಲ್, ಷಿಕಾಗೊದ ಶಾರ್ಟ್‌ಸ್ಟಾಪ್ ಎಡ್ ಹೊವರ್ಡ್ ಆ ವರ್ಷ ಶಾಲೆಗಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಪೆನ್ಸಿಲ್ವೇನಿಯಾದ ನಿಕ್ ಬಿಟ್ಸ್‌ಕೊನದು ಇನ್ನೂ ಮಜಾ. ಅವನು 2021ರಲ್ಲಿ ಶಾಲೆ ಮುಗಿಸಬೇಕಿದ್ದವನು, ಒಂದು ವರ್ಷ ಮೊದಲೇ ಮುಗಿಸಿ ಡ್ರಾಫ್ಟಿಗೆ ನಿಂತ. ಅವನನ್ನು ಮುಂದಿನ ವರ್ಷದ ಪಟ್ಟಿಯಲ್ಲಿಟ್ಟಿದ್ದ ಸ್ಕೌಟ್‌ಗಳು ಓಡಿ ಬಂದು ನೋಡಲು ಪಂದ್ಯಗಳೇ ಇರಲಿಲ್ಲ. ಅವನು ಅಭ್ಯಾಸದ ಎಸೆತಗಳ ವಿಡಿಯೊ ಟ್ವಿಟರ್‌ಗೆ ಹಾಕಿದ, ತಂಡಗಳು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದವು. ಟ್ಯಾಂಪಾ ಬೇ 24ನೇ ಸರದಿಯಲ್ಲಿ ಅವನನ್ನು ಆರಿಸಿತು.

ಟೆನೆಸಿಯ ಗ್ಯಾರೆಟ್ ಕ್ರೋಶೆ ಆರಡಿ ಆರಂಗುಲದ ಎಡಗೈ ಪಿಚರ್, ಗಂಟೆಗೆ 100 ಮೈಲಿ ಮುಟ್ಟುವ ಚೆಂಡು. ಹೆಗಲು ನೋವೆಂದು ಮೊದಲ ವಾರಗಳಲ್ಲಿ ಕೂತಿದ್ದು, ಮಾರ್ಚ್ 7ರಂದು ಇಳಿದು ಮೂರು ಚಿಲ್ಲರೆ ಇನಿಂಗ್ಸ್ ಎಸೆದ. ಐದು ದಿನಕ್ಕೆ ಆಟವೇ ನಿಂತಿತು. ಇದಕ್ಕೆ ಏನೆಂದು ಅಂಕ ಕೊಡುವುದು? ಮಿಸಿಸಿಪಿ ಸ್ಟೇಟ್‌ನ ಜೆ.ಟಿ. ಗಿನ್ ಸೀಸನ್ನಿನ ಮೊದಲ ಪಂದ್ಯದಲ್ಲೇ ತೋಳು ಹಿಡಿದುಕೊಂಡು ಹೊರಬಂದು ಮೊಣಕೈ ಶಸ್ತ್ರಚಿಕಿತ್ಸೆಗೆ ಹೋಗಿದ್ದ. ನ್ಯೂಮೆಕ್ಸಿಕೊ ಸ್ಟೇಟ್‌ನ ನಿಕ್ ಗೊಂಜಾಲೆಸ್ 16 ಪಂದ್ಯಗಳಲ್ಲಿ 12 ಹೋಮ್‌ರನ್ ಬಾರಿಸಿದ್ದ. ಆದರೆ ಅವನ ಕಾಲೇಜು ಎತ್ತರದ ಪ್ರದೇಶದ್ದು, ಅಲ್ಲಿನ ತೆಳು ಗಾಳಿಯಲ್ಲಿ ಚೆಂಡು ಸುಮ್ಮನೆ ದೂರ ಹೋಗುತ್ತದೆ. ಅವನನ್ನು ಕಾಪಾಡಿದ್ದು ಹಿಂದಿನ ಬೇಸಿಗೆ: ಕೇಪ್ ಕಾಡ್ ಲೀಗ್‌ನಲ್ಲಿ ಕಡಲ ಮಟ್ಟದ ಗಾಳಿಯಲ್ಲಿ, ಕಾಲೇಜಿನ ಲೋಹದ ಬ್ಯಾಟು ಬಿಟ್ಟು ಮರದ್ದನ್ನು ಹಿಡಿದು, ಅತ್ಯುತ್ತಮ ಆಟಗಾರನ ಬಹುಮಾನ ಗೆದ್ದಿದ್ದ. ಟಾರ್ಕೆಲ್ಸನ್ ವಿಷಯದಲ್ಲಿ ಬೇರೆಯೇ ತಮಾಷೆ. ಅವನ ಹೊಡೆತಕ್ಕೆ ಹೆದರಿದ ಎದುರಾಳಿಗಳು ಚೆಂಡನ್ನು ಹತ್ತಿರಕ್ಕೇ ಹಾಕುತ್ತಿರಲಿಲ್ಲ, 17 ಪಂದ್ಯಗಳಲ್ಲಿ 31 ಸಲ ನಾಲ್ಕು ಬಾಲ್ ಆಗಿ ನಡೆದೇ ಮೊದಲ ಬೇಸಿಗೆ ಹೋದ. ಹೊಡೆತ ನೋಡಲು ಬಂದವರು ನಡಿಗೆ ನೋಡಿ ಹೋದರು. ಆದರೂ ಅವನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಮೊದಲ ವರ್ಷವೇ 25 ಹೋಮ್‌ರನ್ ಹೊಡೆದವನು.

ಹೀಗೆ ಹಳೆಯ ನೋಟ್‌ಬುಕ್ಕುಗಳೂ ಹಳೆಯ ಅಂಕಿಗಳೂ ಆ ವರ್ಷದ ಪಟ್ಟಿಯನ್ನು ಬರೆದವು. ಸಹಜವಾಗಿಯೇ ಹೆಚ್ಚು ದಾಖಲೆ ಇದ್ದವರಿಗೆ ಅನುಕೂಲ. ಮೊದಲ ಏಳು ಹೆಸರೂ ಕಾಲೇಜು ಹುಡುಗರದ್ದೇ, ಎಂಟನೆಯದು ಮಾತ್ರ ಶಾಲೆಯ ರಾಬರ್ಟ್ ಹ್ಯಾಸೆಲ್. ಹುಡುಗನ ಮನೆಯ ಹಜಾರದಲ್ಲಿ ಕೂತು ಆಡಬೇಕಿದ್ದ ಮಾತು ಜೂಮ್ ಪರದೆಗೆ ಹೋಯಿತು.

ಆ ವರ್ಷ ನಿಜವಾಗಿ ಏಟು ಬಿದ್ದದ್ದು ಮೇಲಿನ ಹೆಸರುಗಳಿಗಲ್ಲ ಎಂಬುದು ನನ್ನ ಅಭಿಪ್ರಾಯ. ಟಾರ್ಕೆಲ್ಸನ್‌ನನ್ನು ಗುರುತಿಸಲು ಸ್ಕೌಟ್ ಬೇಕಿಲ್ಲ, ಪತ್ರಿಕೆ ಓದಿದರೆ ಸಾಕು. ಏರಿಯಾ ಸ್ಕೌಟ್‌ನ ಕಣ್ಣು ಬೇಕಾಗುವುದು ಆರನೇ ಸುತ್ತಿನ ಕೆಳಗೆ. 2019ರಲ್ಲಿ 40 ಸುತ್ತು, 1,217 ಹೆಸರು. 2020ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದದ ಪ್ರಕಾರ ಮಾಲೀಕರು ಅದನ್ನು ಐದು ಸುತ್ತಿಗೆ, 160 ಹೆಸರಿಗೆ ಇಳಿಸಿದರು. ಆಯ್ಕೆಯಾಗದ ಹುಡುಗನಿಗೆ ಹೆಚ್ಚೆಂದರೆ 20,000 ಡಾಲರ್ ಕೊಡಬಹುದಿತ್ತು. ಆಯ್ಕೆಯಾದವರಿಗೂ ಕೈಗೆ ಬೇಗ ಸಿಕ್ಕಿದ್ದು ಒಂದು ಲಕ್ಷ ಡಾಲರ್ ಮಾತ್ರ, ಉಳಿದದ್ದು 2021 ಮತ್ತು 2022ರ ಜುಲೈನಲ್ಲಿ ಎರಡು ಕಂತು. ಟಿಕೆಟ್ ಮಾರಾಟ ನಿಂತು ಕೈ ಕಟ್ಟಿತ್ತು, ನಿಜ. ಆದರೆ ಕೋಟಿಗಟ್ಟಲೆ ವ್ಯವಹಾರದ ತಂಡಗಳು ಉಳಿತಾಯಕ್ಕೆ ಕೈ ಹಾಕಿದ್ದು ಅತ್ಯಂತ ಅಗ್ಗದ ಹುಡುಗರ ಮೇಲೆ. ಐದು ಸುತ್ತಿನ ನಿಯಮ ಹಿಂದೆಯೂ ಇದ್ದಿದ್ದರೆ 2010ರಲ್ಲಿ ಒಂಬತ್ತನೇ ಸುತ್ತಿನಲ್ಲಿ ಬಂದ ಹೆಸರಾಂತ ಪಿಚರ್ ಜೇಕಬ್ ಡಿಗ್ರಾಮ್, 1999ರಲ್ಲಿ 13ನೇ ಸುತ್ತಿನಲ್ಲಿ ಬಂದು 703 ಹೋಮ್‌ರನ್ ಹೊಡೆದ ಆಲ್ಬರ್ಟ್ ಪುಹೋಲ್ಸ್ ಯಾರ ಪಟ್ಟಿಯಲ್ಲೂ ಇರುತ್ತಿರಲಿಲ್ಲ. 1988ರಲ್ಲಿ ಮೈಕ್ ಪಿಯಾಟ್ಜಾನನ್ನು ಡಾಜರ್ಸ್ 62ನೇ ಸುತ್ತಿನಲ್ಲಿ ಆರಿಸಿದ್ದು ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಅವನ ಅಪ್ಪನ ಗೆಳೆಯ ಎಂಬ ದಾಕ್ಷಿಣ್ಯಕ್ಕೆ. ಅವನು ಹಾಲ್ ಆಫ್ ಫೇಮ್ ಸೇರಿದ.

ಇಷ್ಟು ಇಕ್ಕಟ್ಟಿನಲ್ಲೂ ಕೆಲವರು ಜಾಣತನ ತೋರಿದರು. ಬಾಲ್ಟಿಮೋರ್ ಎರಡನೇ ಸರದಿಯಲ್ಲಿ ಎಲ್ಲರೂ ನಿರೀಕ್ಷಿಸಿದ್ದ ಆಸ್ಟಿನ್ ಮಾರ್ಟಿನ್‌ನನ್ನು ಬಿಟ್ಟು ಆರ್ಕನ್ಸಾದ ಹೆಸ್ಟನ್ ಕೆರ್ಸ್ಟಾಡ್‌ನನ್ನು ಕರೆಯಿತು. 77,89,900 ಡಾಲರಿನ ಸರದಿ, ಅವನು ಒಪ್ಪಿದ್ದು 52 ಲಕ್ಷಕ್ಕೆ. ಉಳಿದ ಹಣದ ಒಂದು ಪಾಲು ನಾಲ್ಕನೇ ಸುತ್ತಿನಲ್ಲಿ ಫ್ಲಾರಿಡಾದ ಶಾಲಾ ಹುಡುಗ ಕೋಬಿ ಮೇಯೊಗೆ ಹೋಯಿತು: ಐದೂವರೆ ಲಕ್ಷದಾಚೆಗಿನ ಸರದಿಗೆ ಹದಿನೇಳೂವರೆ ಲಕ್ಷ. ಅಂಥ ಹುಡುಗನನ್ನು ಯಾವ ಸುತ್ತಿನವರೆಗೆ ಕಾಯಬಹುದು, ಎಷ್ಟಕ್ಕೆ ಒಪ್ಪುತ್ತಾನೆ ಎಂದು ಹೇಳಬಲ್ಲವನು ಆ ಊರಿನ ಏರಿಯಾ ಸ್ಕೌಟ್. ಅಟ್ಲಾಂಟಾ 126ನೆಯವನಾಗಿ ಆರಿಸಿದ ಕ್ಲೆಮ್ಸನ್‌ನ ಸ್ಪೆನ್ಸರ್ ಸ್ಟ್ರೈಡರ್ ಮೊಣಕೈ ಶಸ್ತ್ರಚಿಕಿತ್ಸೆ ಮುಗಿಸಿ ಬಂದು ಆ ವಸಂತದಲ್ಲಿ ಎಸೆದದ್ದು 12 ಇನಿಂಗ್ಸ್. 2023ರಲ್ಲಿ 281 ಬ್ಯಾಟರ್‌ಗಳನ್ನು ಸ್ಟ್ರೈಕೌಟ್ ಮಾಡಿ ಮೇಜರ್ ಲೀಗ್‌ಗೇ ಮೊದಲಿಗನಾದ. ಆ ಹನ್ನೆರಡು ಇನಿಂಗ್ಸ್ ನೋಡಿ ಹೌದು ಎಂದವನಿಗೆ ಒಂದು ಸಲಾಮು.

ಕ್ರೋಶೆಯನ್ನು ಷಿಕಾಗೊ ವೈಟ್ ಸಾಕ್ಸ್ 11ನೇ ಸರದಿಯಲ್ಲಿ ಕರೆದು, ಕೆಳಗಿನ ಲೀಗ್‌ನಲ್ಲಿ ಒಂದು ಚೆಂಡೂ ಎಸೆಸದೆ ಅದೇ ಸೆಪ್ಟೆಂಬರ್ 18ರಂದು ಮೇಜರ್ ಲೀಗ್‌ಗೆ ಇಳಿಸಿತು. ಆ ವರ್ಷ ಕೆಳಗಿನ ಲೀಗ್‌ಗಳೇ ರದ್ದಾಗಿದ್ದವು. 2024ರಲ್ಲಿ ಅವನು ಆಲ್‌ಸ್ಟಾರ್. ಕೆರ್ಸ್ಟಾಡ್‌ಗೆ ಹೃದಯದ ಸ್ನಾಯುವಿನ ಉರಿಯೂತ ಬಂದು, ಮೇಜರ್ ಲೀಗ್ ಮುಟ್ಟುವಾಗ 2023ರ ಸೆಪ್ಟೆಂಬರ್ ಆಗಿತ್ತು. ಅದನ್ನು ಯಾವ ಸ್ಟಾಪ್‌ವಾಚೂ ಮುಂಚೆ ಹೇಳುತ್ತಿರಲಿಲ್ಲ. ಟಾರ್ಕೆಲ್ಸನ್ 2023ರಲ್ಲಿ 31 ಹೋಮ್‌ರನ್ ಹೊಡೆದು, ಮರುವರ್ಷ ಕೆಳಗಿನ ಲೀಗ್‌ಗೆ ಇಳಿದು, ಮತ್ತೆ ಮೇಲೆ ಬಂದ.

ಡ್ಯೂಕ್ ವಿಶ್ವವಿದ್ಯಾಲಯದ ಮ್ಯಾಟ್ ಮರ್ವಿಸ್‌ನ ಹೆಸರನ್ನು ಐದು ಸುತ್ತಿನಲ್ಲಿ ಯಾರೂ ಹೇಳಲಿಲ್ಲ. ಷಿಕಾಗೊ ಕಬ್ಸ್‌ನಿಂದ 20,000 ಡಾಲರ್ ಪಡೆದು ಸಹಿ ಹಾಕಿ 2023ರಲ್ಲಿ ಮೇಜರ್ ಲೀಗ್ ಆಡಿದ. ಎಷ್ಟೋ ಹುಡುಗರು ಎನ್‌ಸಿಎಎ ಕೊಟ್ಟ ಒಂದು ಹೆಚ್ಚುವರಿ ವರ್ಷ ಹಿಡಿದು ಕಾಲೇಜಿಗೇ ವಾಪಸಾದರು. 2021ರಿಂದ ಡ್ರಾಫ್ಟ್ 20 ಸುತ್ತಿಗೆ ನಿಂತಿದೆ, ನಲವತ್ತು ಮರಳಿ ಬಂದಿಲ್ಲ.