ಬಚ್ಚಲು ಹೆಚ್ಚಿತು, ಬಿಸಿನೀರು ಎಲ್ಲಿಂದ?

ಮಲೆನಾಡಿನ ನಮ್ಮ ಮನೆಗಳಲ್ಲಿ ಹಿಂದೆ ಹಿತ್ತಲ ಕಡೆಗೆ ಒಂದೇ ಬಚ್ಚಲು, ಒಲೆಯ ಮೇಲೆ ಕೂರಿಸಿದ ಒಂದು ತಾಮ್ರದ ಹಂಡೆ. ಅಷ್ಟರಲ್ಲೇ ಹತ್ತು ಹನ್ನೆರಡು ಜನರ ಸ್ನಾನ ಮುಗಿಯುತ್ತಿತ್ತು. ಈಗ ಕಾಲ ಬದಲಾಗಿದೆ. ಮಗ ಸೊಸೆಗೆ ಒಂದು, ರಾತ್ರಿ ಹಿತ್ತಲಿಗೆ ಹೋಗಲಾರದ ವಯೋವೃದ್ಧರಿಗೆ ಒಂದು, ಹೋಂಸ್ಟೇ ನಡೆಸುವವರಾದರೆ ಅತಿಥಿಗಳಿಗೆ ಮತ್ತೆರಡು ಎಂದು ಬಚ್ಚಲುಗಳು ಹೆಚ್ಚುತ್ತಿವೆ. ಇದು ಬೇಕಾದದ್ದೇ. ಆದರೆ ಟೈಲ್ಸಿನ ಬಣ್ಣ ಆರಿಸಲು ಪಡುವ ಶ್ರಮದ ಕಾಲುಭಾಗವನ್ನೂ ಬಿಸಿನೀರಿನ ವ್ಯವಸ್ಥೆಗೆ ನಾವು ಪಡುವುದಿಲ್ಲ. ಹಣ ಪೋಲಾಗುವುದೂ ಪ್ರಾಣಕ್ಕೆ ಅಪಾಯ ಬರುವುದೂ ಅಲ್ಲಿಯೇ.

ಮೊದಲು ಲೆಕ್ಕ

ಮನೆಯವರು ಐದು ಜನ, ಬಂದವರು ನಾಲ್ಕು ಜನ ಎಂದಿಟ್ಟುಕೊಳ್ಳೋಣ. 60 ಡಿಗ್ರಿ ಕಾದ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಹದವಾದ ನೀರಾಗುತ್ತದೆ. ತಲಾ ಎರಡು ದೊಡ್ಡ ಬಕೆಟ್ಟಿನ ಸ್ನಾನಕ್ಕೆ 20 ಲೀಟರ್ ಕಾದ ನೀರು ಸಾಕು. ಒಂಬತ್ತು ಜನರಿಗೆ 180 ಲೀಟರ್. ಇದನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 7,200 ಕಿಲೋಕ್ಯಾಲರಿ ಶಾಖ ಬೇಕು. ಶಾಖ ಯಾವ ಮೂಲದಿಂದ ಬಂದರೂ ಈ ಲೆಕ್ಕ ಬದಲಾಗದು. ಬದಲಾಗುವುದು ಖರ್ಚು ಮತ್ತು ಶ್ರಮ.

ವಿದ್ಯುತ್ ಗೀಸರ್

ಒಂದು ಯೂನಿಟ್ ವಿದ್ಯುತ್ತಿನಿಂದ 860 ಕಿಲೋಕ್ಯಾಲರಿ ದೊರೆಯುತ್ತದೆ. ಮೇಲಿನ ಲೆಕ್ಕಕ್ಕೆ ದಿನಕ್ಕೆ ಸುಮಾರು ಎಂಟೂವರೆ ಯೂನಿಟ್, ತಿಂಗಳಿಗೆ 250 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ 200 ಯೂನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಎಂದರೆ ಬಿಸಿನೀರೊಂದೇ ಆ ಮಿತಿಯನ್ನು ದಾಟಿಸುತ್ತದೆ.

ನಮ್ಮ ಕಡೆಯ ವೋಲ್ಟೇಜನ್ನೂ ಗಮನಿಸಬೇಕು. 230 ವೋಲ್ಟಿನಲ್ಲಿ 2 ಕಿಲೋವ್ಯಾಟಿನ 25 ಲೀಟರ್ ಗೀಸರ್ ಸುಮಾರು 35 ನಿಮಿಷದಲ್ಲಿ ಕಾಯುತ್ತದೆ. 180 ವೋಲ್ಟಿಗೆ ಇಳಿದರೆ ಅದೇ ಗೀಸರಿಗೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಮೂರು ಬಚ್ಚಲಿನ ಮೂರು ಗೀಸರನ್ನು ಒಟ್ಟಿಗೆ ಹಾಕಿದರೆ 26 ಆಂಪಿಯರ್ ಎಳೆಯುತ್ತದೆ. ಹಳೆಯ ವೈರಿಂಗ್ ಇದನ್ನು ತಾಳದು. ಮಂಜೂರಾದ ಲೋಡ್ ಎಷ್ಟೆಂದು ಮೊದಲು ನೋಡಿಕೊಳ್ಳಿ. ಪ್ರತಿ ಗೀಸರಿಗೂ ಮೈನ್ ಬೋರ್ಡಿನಿಂದ ಪ್ರತ್ಯೇಕ ತಾಮ್ರದ ತಂತಿ, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿಗೆ ಬೀಳುವ ಆರ್‌ಸಿಸಿಬಿ ಇರಲೇಬೇಕು. ಒದ್ದೆ ಕಾಲಿನಲ್ಲಿ ನಿಂತವನಿಗೆ ಶಾಕ್ ಹೊಡೆದರೆ ಎರಡನೆಯ ಅವಕಾಶ ಸಿಗುವುದಿಲ್ಲ.

‘ಇನ್‌ಸ್ಟಂಟ್’ ಎಂದು ಮಾರುವ 3 ಕಿಲೋವ್ಯಾಟಿನ ಗೀಸರ್ ಮಾಗಿಯ ತಣ್ಣೀರನ್ನು ಹದ ಮಾಡಿ ಕೊಡುವುದು ನಿಮಿಷಕ್ಕೆ ಎರಡು ಲೀಟರಿನಷ್ಟು. ಕೈತೊಳೆಯುವ ತೊಟ್ಟಿಗೆ ಸರಿ, ಸ್ನಾನಕ್ಕೆ ಸಾಲದು.

ಗ್ಯಾಸ್ ಗೀಸರ್

ಕರೆಂಟಿನ ಹಂಗಿಲ್ಲ, ನಲ್ಲಿ ತಿರುಗಿಸಿದೊಡನೆ ಬಿಸಿನೀರು. ನಮ್ಮ ಲೆಕ್ಕದಂತೆ 14.2 ಕಿಲೋ ಸಿಲಿಂಡರ್ ಹದಿನೇಳು ದಿನ ಬಂದೀತು. ಆದರೆ ಇದನ್ನು ಬಚ್ಚಲಿನೊಳಗೆ ಎಂದೂ ಕೂರಿಸಕೂಡದು. ಗಾಳಿ ಸಾಲದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿಕೊಂಡು ಸ್ನಾನಕ್ಕಿಳಿದವರು ಅಲ್ಲೇ ಪ್ರಜ್ಞೆ ತಪ್ಪಿ ತೀರಿಹೋದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗೀಸರೂ ಸಿಲಿಂಡರೂ ಹೊರಗೋಡೆಗೆ, ಬಯಲು ಗಾಳಿಯಲ್ಲಿರಲಿ. ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪು ಮಾತ್ರ. ಚಳಿಗೆಂದು ಕಿಟಕಿ ಮುಚ್ಚುವ ನಮ್ಮ ಅಭ್ಯಾಸವನ್ನು ಬಲ್ಲವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಸೌದೆ

ಮರಗಸಿಯ ಕೊಂಬೆ, ಒಣಗಿದ ಸೋಗೆ, ಅಡಿಕೆ ಸಿಪ್ಪೆ ತೋಟದಲ್ಲೇ ಇರುವಾಗ ಸೌದೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ‘ಪುಕ್ಕಟೆ’ ಎನ್ನುವ ಮುನ್ನ ಯೋಚಿಸಬೇಕು. ಒಣ ಸೌದೆಯಲ್ಲಿ ಕಿಲೋಗೆ 4,000 ಕಿಲೋಕ್ಯಾಲರಿಯ ಆಸುಪಾಸು ಶಾಖವಿದೆ. ತೆರೆದ ಒಲೆಯಲ್ಲಿ ಅದರ ಆರನೆಯ ಒಂದು ಪಾಲೂ ನೀರಿಗೆ ಸೇರದೆ, ದಿನಕ್ಕೆ 12 ಕಿಲೋ ಸುಡಬೇಕಾಗುತ್ತದೆ. ಮೂರನೆಯ ಒಂದು ಪಾಲು ನೀರಿಗೆ ಸೇರುವಂಥ ಒಲೆಯಾದರೆ 6 ಕಿಲೋ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆಯನ್ನು ಹಿರಿಯ ಸದಸ್ಯರು ಬಲ್ಲರು. ಅದರ ತತ್ವ ಇಂದಿಗೂ ಸಲ್ಲುತ್ತದೆ: ಉರಿ ಸುತ್ತುಗಟ್ಟಿರಬೇಕು, ಗಾಳಿ ಅಳತೆಯಲ್ಲಿ ಬರಬೇಕು, ಹೊಗೆ ಕೊಳವೆಯಲ್ಲಿ ಹೊರಹೋಗಬೇಕು.

ಇನ್ನೊಂದು ಪ್ರಶ್ನೆಯನ್ನು ಗಂಡಸರಾದ ನಾವು ಕೇಳಿಕೊಳ್ಳುವುದು ಕಡಿಮೆ. ಬೆಳಗಿನ ಐದಕ್ಕೆ ಎದ್ದು ಒಲೆ ಹಚ್ಚುವವರು ಯಾರು? ಆ ಹೊಗೆ ಯಾರ ಕಣ್ಣಿಗೆ? ಕುಯ್ಲಿನ ದಿನಗಳಲ್ಲಿ ಅಡಿಗೆ, ಕಣ, ಆಳುಗಳ ಕಾಫಿ ತಿಂಡಿ ಎಲ್ಲ ನೋಡಿಕೊಳ್ಳುವ ಹೆಣ್ಣುಮಕ್ಕಳ ಮೇಲೆ ಮೂರು ಬಚ್ಚಲಿನ ನೀರನ್ನೂ ಹೊರಿಸುವುದು ನ್ಯಾಯವಲ್ಲ. ಆ ಶ್ರಮವೂ ಖರ್ಚಿನ ಪಟ್ಟಿಯಲ್ಲಿ ಸೇರಬೇಕು.

ನಲ್ಲಿಗೆ ಜೋಡಿಸುವ ಸೌದೆ ಬಾಯ್ಲರಾದರೆ ಆಕಾಶಕ್ಕೆ ತೆರೆದ ಆವಿಕೊಳವೆ ಇರಲೇಬೇಕು. ಅದಕ್ಕೆ ವಾಲ್ವ್ ಹಾಕಕೂಡದು, ಬಿರಡೆ ಬಡಿಯಕೂಡದು. ಆವಿ ಒಳಗೇ ಸಿಕ್ಕಿಬಿದ್ದರೆ ಬಾಯ್ಲರ್ ಸಿಡಿಯುತ್ತದೆ.

ಸೂರ್ಯಶಾಖ

ಮಳೆಗಾಲದ ನಾಲ್ಕು ತಿಂಗಳು ಇದನ್ನು ನಂಬುವಂತಿಲ್ಲ ಎಂಬುದು ನಿಜ. ಆದರೆ ಬಿಸಿನೀರು ಹೆಚ್ಚು ಬೇಕಾಗುವ ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ. 100 ಲೀಟರಿಗೆ ಸುಮಾರು 2 ಚದರ ಮೀಟರ್ ಫಲಕ ಬೇಕು. ನಮ್ಮ ಉದಾಹರಣೆಗೆ 200 ಲೀಟರಿನದು ಸರಿಹೋಗುತ್ತದೆ. ಫಲಕ ದಕ್ಷಿಣಕ್ಕೆ ಮುಖ ಮಾಡಿರಲಿ. ಡಿಸೆಂಬರಿನಲ್ಲಿ ಬೆಳಿಗ್ಗೆ 9ರಿಂದ 3ರವರೆಗೆ ಅಲ್ಲಿ ಸಿಲ್ವರ್ ಓಕಿನ ನೆರಳು ಬೀಳುತ್ತದೆಯೇ ಎಂದು ಕಣ್ಣಾರೆ ನೋಡಿಯೇ ಜಾಗ ಆರಿಸಿ. 200 ಲೀಟರ್ ನೀರೊಂದೇ 200 ಕಿಲೋ ಭಾರ. ಹಂಚಿನ ಮಾಡಿನ ಮೇಲೆ ಇಡುವ ಮಾತೇ ಬೇಡ, ಕಾಂಕ್ರೀಟ್ ತಾರಸಿಯಿರಲಿ. ತಣ್ಣೀರಿನ ಟ್ಯಾಂಕು ಇದಕ್ಕಿಂತ ಎತ್ತರದಲ್ಲಿರಬೇಕು. ಮಂಗಗಳ ಕಾಟವಿರುವಲ್ಲಿ ಗಾಜಿನ ಕೊಳವೆಗಳಿಗಿಂತ ಗಟ್ಟಿ ಗಾಜಿನ ಚಪ್ಪಟೆ ಫಲಕವೇ ಲೇಸು.

ಪೈಪು ಮತ್ತು ನೀರು

ಅರ್ಧ ಇಂಚಿನ ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು 180 ಮಿಲಿಲೀಟರ್ ನೀರು ನಿಲ್ಲುತ್ತದೆ. ಇಪ್ಪತ್ತು ಮೀಟರ್ ದೂರವಾದರೆ ಬಿಸಿನೀರು ಬರುವ ಮುನ್ನ ಮೂರೂವರೆ ಲೀಟರ್ ತಣ್ಣೀರು ಹರಿಯಬೇಕು. ಒಂದಂಗುಲದ ಪೈಪಾದರೆ ಹತ್ತು ಲೀಟರ್. ಆದ್ದರಿಂದ ಹೊಸ ಬಚ್ಚಲುಗಳನ್ನು ಸಾಧ್ಯವಾದಷ್ಟು ಒಂದೇ ಕಡೆ, ಬೆನ್ನಿಗೆ ಬೆನ್ನು ಕೊಟ್ಟಂತೆ ಕಟ್ಟಿಸಿ. ಬಿಸಿನೀರಿಗೆ ಸಿಪಿವಿಸಿ ಪೈಪು ಹಾಕಿ, ಮೇಲೆ ಶಾಖನಿರೋಧಕ ಹೊದಿಕೆ ಸುತ್ತಿಸಿ. ಸಾಮಾನ್ಯ ಪಿವಿಸಿ ಶಾಖ ತಾಳದು. ಚನ್ನಗಿರಿ ಕಡೆಯಂತೆ ಕೊಳವೆಬಾವಿ ನಂಬಿದ ಅಡಿಕೆ ಬೆಳೆಗಾರರು ನೀರು ಗಡುಸಾಗಿದ್ದರೆ ಗೀಸರಿನೊಳಗೆ ಕಟ್ಟುವ ಸುಣ್ಣವನ್ನು ಆಗಾಗ ತೆಗೆಸಬೇಕು.

ನಮ್ಮ ಸಲಹೆ

ಬಿಸಿಲು ಬೀಳುವ ತಾರಸಿಯಿದ್ದವರಿಗೆ ಸೂರ್ಯಶಾಖವೇ ಮುಖ್ಯ, ಮಳೆಗಾಲಕ್ಕೆ ಹೊಗೆಕೊಳವೆಯುಳ್ಳ ಸೌದೆ ಬಾಯ್ಲರ್, ವಯಸ್ಸಾದವರ ಬಚ್ಚಲಿಗೆ ಒಂದು ಸಣ್ಣ ಗೀಸರ್. ಮನೆಯ ಸುತ್ತ ದಟ್ಟ ನೆರಳಿದ್ದರೆ ಸೌದೆ ಬಾಯ್ಲರನ್ನೇ ಮುಖ್ಯವಾಗಿಟ್ಟುಕೊಳ್ಳಿ, ನಿತ್ಯ ಉರಿ ಹಾಕುವ ಸರದಿಯಲ್ಲಿ ಗಂಡಸರೂ ಸೇರಿರಲಿ. ಯಾವುದೇ ಆದರೂ ಗೋಡೆಗೆ ಗಾರೆ ಮೆತ್ತುವ ಮುನ್ನವೇ ಪೈಪು ಮತ್ತು ತಂತಿಯ ದಾರಿಯನ್ನು ಗುರುತಿಸಿ ಕಾಗದದ ಮೇಲೆ ಬರೆದಿಡಿ. ಗಾರೆ ಒಣಗಿದ ಮೇಲೆ ಗೋಡೆ ಒಡೆಸುವ ಖರ್ಚಿನಲ್ಲಿ ಒಳ್ಳೆಯ ಆರ್‌ಸಿಸಿಬಿಯನ್ನೇ ಕೊಳ್ಳಬಹುದು.