ರಕ್ತದ ಔಷಧದಿಂದ ವೈರಸ್ ತೊಲಗಿಸುವ ಡಿಟರ್ಜೆಂಟ್: ಏನಿದು ಟ್ರೈಟಾನ್ ಎಕ್ಸ್-100? ಯುರೋಪ್ ನಿರ್ಬಂಧಿಸಿದ್ದೇಕೆ?

1980ರ ದಶಕದಲ್ಲಿ ದಾನಿಗಳ ರಕ್ತದ ಪ್ಲಾಸ್ಮಾದಿಂದ ತಯಾರಿಸಿದ ಔಷಧ ಪಡೆದ ಸಾವಿರಾರು ಹಿಮೋಫಿಲಿಯಾ ರೋಗಿಗಳಿಗೆ ಎಚ್‌ಐವಿ ತಗುಲಿತ್ತು. ಅಂಥ ಅನಾಹುತ ಮತ್ತೆ ಆಗದಂತೆ ತಡೆದ ವಿಧಾನಗಳಲ್ಲಿ ಒಂದರ ಹಿಂದಿರುವುದು ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್.

ಇದರ ವಿಶೇಷವೇನು?

ಇದು ಬಣ್ಣವಿಲ್ಲದ, ಜೇನಿನಂತೆ ಮಂದವಾದ ದ್ರವ. ಇದರ ಅಣುವಿನ ಒಂದು ತುದಿ ನೀರಿಗೆ, ಇನ್ನೊಂದು ತುದಿ ಕೊಬ್ಬಿಗೆ ಅಂಟಿಕೊಳ್ಳುತ್ತದೆ. ಅಣುವಿಗೆ ವಿದ್ಯುದಾವೇಶ ಇಲ್ಲದ ಕಾರಣ ಇದನ್ನು ನಾನ್-ಅಯಾನಿಕ್ ಡಿಟರ್ಜೆಂಟ್ ಎನ್ನುತ್ತಾರೆ. ಆವೇಶವಿರುವ ಎಸ್‌ಡಿಎಸ್‌ನಂತಹ ಡಿಟರ್ಜೆಂಟ್‌ಗಳು ಪ್ರೋಟೀನ್‌ನ ಆಕಾರವನ್ನೇ ಕೆಡಿಸುತ್ತವೆ. ಟ್ರೈಟಾನ್ ಕೊಬ್ಬಿನ ಪೊರೆಯನ್ನು ಕರಗಿಸಿದರೂ ಹೆಚ್ಚಿನ ಪ್ರೋಟೀನ್‌ಗಳಿಗೆ ಧಕ್ಕೆ ಮಾಡುವುದಿಲ್ಲ.

ಲ್ಯಾಬ್‌ನಲ್ಲಿ ಏನು ಕೆಲಸ?

* ಜೀವಕೋಶ ಒಡೆದು ಒಳಗಿನ ಪ್ರೋಟೀನ್ ಹೊರತೆಗೆಯಲು
* ಪೊರೆಯಲ್ಲಿ ರಂಧ್ರ ಮಾಡಿ, ಬಣ್ಣ ಹಚ್ಚಿದ ಪ್ರತಿಕಾಯಗಳನ್ನು ಕೋಶದೊಳಗೆ ಕಳಿಸಲು (ಸಾಮಾನ್ಯವಾಗಿ 0.1ರಿಂದ 0.5% ದ್ರಾವಣ)
* ಪೊರೆಗೆ ಅಂಟಿದ ಪ್ರೋಟೀನ್‌ಗಳನ್ನು ಬಿಡಿಸಲು

ತೊಂದರೆಗಳೂ ಇವೆ. ಪ್ರೋಟೀನ್ ಅಳೆಯಲು ಬಳಸುವ 280 ನ್ಯಾನೋಮೀಟರ್ ಬೆಳಕನ್ನು ಇದೂ ಹೀರಿಕೊಳ್ಳುವುದರಿಂದ ಲೆಕ್ಕ ತಪ್ಪುತ್ತದೆ. ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ದ್ರಾವಣ ಮಬ್ಬಾಗುತ್ತದೆ.

ವೈರಸ್ ಹೇಗೆ ನಿಷ್ಕ್ರಿಯವಾಗುತ್ತದೆ?

ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆ ಇದೆ. ಟ್ರೈಟಾನ್ ಜೊತೆ ಟಿಎನ್‌ಬಿಪಿ ಎಂಬ ದ್ರಾವಕ ಬೆರೆಸಿದರೆ ಈ ಹೊದಿಕೆ ಕಳಚಿ ವೈರಸ್ ಸೋಂಕು ಹರಡುವ ಶಕ್ತಿ ಕಳೆದುಕೊಳ್ಳುತ್ತದೆ. ಔಷಧದ ಪ್ರೋಟೀನ್ ಮಾತ್ರ ಉಳಿಯುತ್ತದೆ. ನಂತರ ಡಿಟರ್ಜೆಂಟ್ ಅನ್ನು ಬೇರ್ಪಡಿಸಲಾಗುತ್ತದೆ. ಆದರೆ ಹೊದಿಕೆಯೇ ಇಲ್ಲದ ಹೆಪಟೈಟಿಸ್ ಎ, ಪಾರ್ವೊ ಬಿ19 ವೈರಸ್‌ಗಳ ಮೇಲೆ ಈ ವಿಧಾನ ನಡೆಯದು. ಹೀಗಾಗಿ ಅವುಗಳಿಗೆ ಬಿಸಿ ಮಾಡುವುದು, ಸೂಕ್ಷ್ಮವಾಗಿ ಸೋಸುವುದು ಮುಂತಾದ ಬೇರೆ ಹಂತಗಳು ಬೇಕು.

ನಿರ್ಬಂಧ ಏಕೆ?

ಸಮಸ್ಯೆ ಇರುವುದು ಚರಂಡಿ ಸೇರಿದ ಮೇಲೆ. ಅಲ್ಲಿ ಟ್ರೈಟಾನ್ ಒಡೆದು ಆಕ್ಟೈಲ್‌ಫೀನಾಲ್ ಆಗುತ್ತದೆ. ಇದು ಈಸ್ಟ್ರೋಜೆನ್ ಹಾರ್ಮೋನ್‌ನಂತೆ ವರ್ತಿಸಿ ಮೀನಿನಂತಹ ಜಲಚರಗಳ ಸಂತಾನಶಕ್ತಿಗೆ ಕುತ್ತು ತರಬಲ್ಲದು. ಹಾಗಾಗಿ ಐರೋಪ್ಯ ಒಕ್ಕೂಟದಲ್ಲಿ 2021ರ ಜನವರಿ 4ರ ನಂತರ ವಿಶೇಷ ಅನುಮತಿ ಇಲ್ಲದೆ ಇದನ್ನು ಬಳಸುವಂತಿಲ್ಲ. ವೈಜ್ಞಾನಿಕ ಸಂಶೋಧನೆಗೆ ಸಣ್ಣ ಪ್ರಮಾಣದ ಬಳಕೆಗೆ ವಿನಾಯಿತಿ ಇದೆ.

ಬದಲಿ ಡಿಟರ್ಜೆಂಟ್‌ಗಳ ಹುಡುಕಾಟ ನಡೆದಿದೆ. ಆದರೆ ಔಷಧ ಕಂಪನಿಗಳಿಗೆ ಇದು ಸುಲಭವಲ್ಲ. ಹೊಸ ಡಿಟರ್ಜೆಂಟ್ ವೈರಸ್ ಅನ್ನು ಅಷ್ಟೇ ಖಚಿತವಾಗಿ ನಿಷ್ಕ್ರಿಯಗೊಳಿಸುತ್ತದೆ, ಔಷಧಕ್ಕೆ ಹಾನಿ ಮಾಡುವುದಿಲ್ಲ ಎಂಬುದನ್ನು ಪ್ರತಿ ಉತ್ಪನ್ನಕ್ಕೂ ಪರೀಕ್ಷಿಸಿ ತೋರಿಸಬೇಕು.